ತವರು ಗ್ರಹವೇ ಬಡವಾದಾಗ: ‘ಮಾಸ್ಟರ್ ಆಫ್ ಓರಿಯನ್ 2’ರಲ್ಲಿ ಯಾವ ದಾರಿ ಹಿಡಿಯಬೇಕು?

ಎಂಟು ಜನ, ಒಂದು ಗ್ರಹ, ನೆಲದಡಿಯಲ್ಲಿ ಅರೆಬರೆ ಖನಿಜ. ಸಿಮ್‌ಟೆಕ್ಸ್ ರೂಪಿಸಿ 1996ರಲ್ಲಿ ಮೈಕ್ರೊಪ್ರೋಸ್ ಹೊರತಂದ ‘ಮಾಸ್ಟರ್ ಆಫ್ ಓರಿಯನ್ 2’ ಎಂಬ, ಸರದಿಯಂತೆ ಆಡುತ್ತ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಜನಾಂಗವನ್ನು ನಾವೇ ಕಟ್ಟಿಕೊಳ್ಳುವಾಗ ‘ಪೂರ್ ಹೋಮ್ ವರ್ಲ್ಡ್’ ಎಂಬ ಸಾಲಿಗೆ ಗುರುತು ಹಾಕಿದರೆ ಸಿಗುವ ಆರಂಭ ಇದು. (ಆಟದ ಲೆಕ್ಕದಲ್ಲಿ ಒಬ್ಬ ಎಂದರೆ ಹತ್ತು ಲಕ್ಷ ಜನ, ಆದರೆ ಆಡುವವರೆಲ್ಲ ‘ಒಬ್ಬ’ ಎಂದೇ ಎಣಿಸುತ್ತಾರೆ.) ಹಾಗೆ ಗುರುತು ಹಾಕಿದ್ದಕ್ಕೆ ಪ್ರತಿಯಾಗಿ ಆಟ ಕೊಡುವುದು ಜನಾಂಗಕ್ಕೆ ಬೇರೆ ಗುಣ ಕೊಳ್ಳಲು ಒಂದೇ ಒಂದು ಅಂಕ. ಅದಕ್ಕಾಗಿ ತವರಿನ ಮೂರನೆಯ ಒಂದು ಪಾಲು ದುಡಿಮೆಯನ್ನು ಬಿಟ್ಟುಕೊಡುವುದು ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ. ಮೊದಲಿಗೆ, ಆರಂಭ ಹೀಗಾಗಿಯೇ ಬಿಟ್ಟಿದೆ ಎಂದುಕೊಳ್ಳೋಣ. ನೆರೆಯ ನಕ್ಷತ್ರಗಳೆಲ್ಲ ಕೆಂಪು, ಕಂದು ಬಣ್ಣದವಾಗಿ ಸುತ್ತಲಿನ ಗ್ರಹಗಳೇ ಬರಡಾಗಿರುವ ಆಟಕ್ಕೂ ಮುಂದಿನ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತದೆ. ಅಂಕಿಗಳೆಲ್ಲ ಅಧಿಕೃತ 1.31 ಆವೃತ್ತಿಯವು, ಅಭಿಮಾನಿಗಳು ತಿದ್ದಿದ ಆವೃತ್ತಿಗಳಲ್ಲಿ ಕೆಲವು ಬದಲಾಗಿರಬಹುದು.

ಬಡತನ ಎಷ್ಟೆಂದು ಮೊದಲು ಅಳೆಯಬೇಕು. ಗ್ರಹದ ಖನಿಜಕ್ಕೆ ಐದು ದರ್ಜೆಗಳಿವೆ: ಅಲ್ಟ್ರಾ ಪೂರ್, ಪೂರ್, ಅಬಂಡಂಟ್ (ಸಾಧಾರಣ), ರಿಚ್, ಅಲ್ಟ್ರಾ ರಿಚ್. ಒಬ್ಬ ಕೆಲಸಗಾರ ಒಂದು ಸರದಿಯಲ್ಲಿ ಕ್ರಮವಾಗಿ 1, 2, 3, 5, 8 ಘಟಕ ಉತ್ಪಾದಿಸುತ್ತಾನೆ; ನೌಕೆ, ಕಟ್ಟಡಗಳ ಬೆಲೆಯೂ ಇದೇ ಘಟಕದಲ್ಲಿ. ಒಬ್ಬ ರೈತ ಎರಡು ಊಟ ಬೆಳೆಯುತ್ತಾನೆ, ಪ್ರತಿಯೊಬ್ಬನೂ ಒಂದು ಉಣ್ಣುತ್ತಾನೆ. ಹಾಗಾಗಿ ಎಂಟು ಜನರ ಹೊಟ್ಟೆ ತುಂಬಿಸಲು ನಾಲ್ವರು ಹೊಲದಲ್ಲಿರಬೇಕು. ಉಳಿದ ನಾಲ್ವರು ಸಾಧಾರಣ ಗ್ರಹದಲ್ಲಾದರೆ 12 ಘಟಕ ದುಡಿಯುತ್ತಿದ್ದರು, ಬಡ ಗ್ರಹದಲ್ಲಿ 8.

ಆದರೆ ಈ 12 ಮತ್ತು 8ರ ಅಂತರ ಕಾಣುವಷ್ಟು ದೊಡ್ಡದಲ್ಲ. ಮಧ್ಯಮ ಗಾತ್ರದ ಗ್ರಹ 6 ಘಟಕಗಳವರೆಗಿನ ಹೊಗೆಯನ್ನು ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಉತ್ಪಾದಿಸಿದ್ದರಲ್ಲಿ ಅರ್ಧ ಮಾಲಿನ್ಯ ತೊಳೆಯುವುದಕ್ಕೇ ಹೋಗುತ್ತದೆ. ಸಾಧಾರಣ ಗ್ರಹದ 12ರಲ್ಲಿ 3 ಕಳೆದು ಕೈಗೆ ಸಿಗುವುದು 9. ಬಡ ಗ್ರಹದ 8ರಲ್ಲಿ 1 ಕಳೆದು 7. ವ್ಯತ್ಯಾಸ ನಾಲ್ಕಲ್ಲ, ಎರಡು. ಇದರಿಂದ ಇನ್ನೂ ಒಂದು ಉಪಯುಕ್ತ ಸಂಗತಿ ಹೊರಬೀಳುತ್ತದೆ. ಬಡ ತವರಿನಲ್ಲಿ ಮೂವರು ಕೆಲಸಗಾರರು ಸರಿಯಾಗಿ 6 ಘಟಕ ಮಾಡುತ್ತಾರೆ, ಮಾಲಿನ್ಯ ಸೊನ್ನೆ. ನಾಲ್ಕನೆಯವನ ದುಡಿಮೆಯಲ್ಲಿ ಅರ್ಧ ಕಸ ಗುಡಿಸಲು ಹೋಗುತ್ತದೆ. ಅವನನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅಲ್ಲಿ ಪೂರ್ತಿ 3 ಸಂಶೋಧನಾಂಕ ತರುತ್ತಾನೆ. ಆರಂಭದಲ್ಲಿ ಎಲ್ಲರನ್ನೂ ಗಣಿಗೆ ತಳ್ಳಿ ಕಾಯುವುದು ಅತಿ ಸಾಮಾನ್ಯ ತಪ್ಪು. ನಾನೂ ಅದನ್ನು ವರ್ಷಗಟ್ಟಲೆ ಮಾಡಿದ್ದೇನೆ.

ಮುಖ್ಯವಾಗಿ ಗಮನಿಸಬೇಕಾದದ್ದು, ಖನಿಜ ಕಡಿಮೆಯಾದರೆ ಬಡವಾಗುವುದು ಉತ್ಪಾದನೆ ಒಂದೇ. ಊಟ, ಸಂಶೋಧನೆ, ತೆರಿಗೆ ಈ ಮೂರಕ್ಕೂ ನೆಲದಡಿಯ ಅದಿರಿಗೂ ಸಂಬಂಧವಿಲ್ಲ. ಬಡ ಗ್ರಹದ ವಿಜ್ಞಾನಿ ಶ್ರೀಮಂತ ಗ್ರಹದ ವಿಜ್ಞಾನಿಯಷ್ಟೇ ಜಾಣ. ಕೆಳಗೆ ಬರುವ ದಾರಿಗಳನ್ನು ತೂಗುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಈ ಕೆಲಸಕ್ಕೆ ಉತ್ಪಾದನೆಯನ್ನೇ ಸುಡಬೇಕೇ, ಬೇರೆ ಯಾವುದಾದರೂ ಸಾಕಾಗುತ್ತದೆಯೇ?

ಮೊದಲ ನೌಕೆ ಎಲ್ಲಿ ಇಳಿಯಬೇಕು?

ತಂತ್ರಜ್ಞಾನದ ‘ಆವರೇಜ್’ ಮಟ್ಟದಿಂದ ಆಟ ಆರಂಭಿಸಿದರೆ ಎರಡು ಬೇಹು ನೌಕೆಗಳೂ ಒಂದು ವಸಾಹತು ನೌಕೆಯೂ ಕೈಯಲ್ಲಿರುತ್ತವೆ. ಅದಕ್ಕಿಂತ ಕೆಳಗಿನ ‘ಪ್ರೀ ವಾರ್ಪ್’ನಲ್ಲಿ ಈ ವಸಾಹತು ನೌಕೆ ಇಲ್ಲ, ಆದ್ದರಿಂದ ಬಡ ತವರಿನವರು ಆ ಮಟ್ಟವನ್ನು ಮುಟ್ಟದಿರುವುದೇ ಕ್ಷೇಮ. ಏಕೆಂದರೆ ವಸಾಹತು ನೌಕೆಯ ಬೆಲೆ 500 ಘಟಕ. ಸರದಿಗೆ 7ರಂತೆ ದುಡಿದರೆ ಎಪ್ಪತ್ತಕ್ಕೂ ಹೆಚ್ಚು ಸರದಿ ಬೇಕು. ಪುಕ್ಕಟೆಯಾಗಿ ಸಿಕ್ಕಿರುವ ಆ ಒಂದು ನೌಕೆಯೇ ನಿಮ್ಮ ಮೂಲಧನ.

ಸಾಮಾನ್ಯವಾಗಿ ಎದುರಾಗುವ ಆಯ್ಕೆ ಎರಡು. ಒಂದು ಕಡೆ ದೊಡ್ಡದಾದ, ಹಸಿರಾದ, ಸಾಧಾರಣ ಖನಿಜದ ಗ್ರಹ. ಇನ್ನೊಂದು ಕಡೆ ಚಿಕ್ಕದಾದ, ಒಂದು ಹುಲ್ಲುಕಡ್ಡಿಯೂ ಬೆಳೆಯದ, ಆದರೆ ರಿಚ್ ಅಥವಾ ಅಲ್ಟ್ರಾ ರಿಚ್ ಖನಿಜದ ಬಂಡೆ. ಸಾಧಾರಣ ತವರಿನವರು ಹಸಿರನ್ನೇ ಆರಿಸಿಕೊಳ್ಳಲಿ, ತಪ್ಪಿಲ್ಲ. ಅಲ್ಲಿ ಜನ ತಾವಾಗಿಯೇ ಬೆಳೆಯುತ್ತಾರೆ, ಎಪ್ಪತ್ತು ಎಂಬತ್ತು ಸರದಿಗಳ ಹೊತ್ತಿಗೆ ಎರಡನೆಯ ತವರೇ ಸಿದ್ಧವಾಗಿರುತ್ತದೆ. ಬಡ ತವರಿನವರಿಗೆ ಅಷ್ಟು ಕಾಲ ಕಾಯುವ ಅನುಕೂಲವಿಲ್ಲ. ಜನ ನಮ್ಮಲ್ಲೂ ಇದ್ದಾರೆ, ಇಲ್ಲದಿರುವುದು ಅದಿರು. ಅಲ್ಟ್ರಾ ರಿಚ್ ನೆಲದ ಒಬ್ಬ ಕೆಲಸಗಾರ ತವರಿನ ನಾಲ್ವರಿಗೆ ಸಮ. ಆದ್ದರಿಂದ ನನ್ನ ಮತ ಬಂಡೆಗೆ.

ಬಂಡೆಯನ್ನು ಆರಿಸಿಕೊಂಡರೆ ಅದರ ಜೊತೆಗೆ ಬರುವ ಖರ್ಚುಗಳನ್ನೂ ಒಪ್ಪಿಕೊಳ್ಳಬೇಕು. ಅಲ್ಲಿ ಅನ್ನ ಇಲ್ಲ, ತವರಿನಿಂದಲೇ ಹೋಗಬೇಕು. ಅದಕ್ಕೆ ಸರಕು ನೌಕೆ ಬೇಕು. ಐದರ ಒಂದು ಕಂತಿಗೆ 50 ಘಟಕ, ಅಂದರೆ ಏಳೆಂಟು ಸರದಿಗಳ ದುಡಿಮೆ. ಒಂದು ನೌಕೆ ಒಬ್ಬನ ಊಟ ಹೊರುತ್ತದೆ. ಒಬ್ಬ ಮನುಷ್ಯನನ್ನು ಗ್ರಹದಿಂದ ಗ್ರಹಕ್ಕೆ ಸಾಗಿಸಲು ಐದೂ ಬೇಕು. ಆ ಪ್ರಯಾಣ ಮುಗಿಯುವವರೆಗೆ ಅವು ಊಟ ಹೊರುವುದಿಲ್ಲ. ನನ್ನ ಕ್ರಮ ಹೀಗಿದೆ: ವಸಾಹತು ನೌಕೆ ದಾರಿಯಲ್ಲಿರುವಾಗಲೇ ತವರಿನಲ್ಲಿ ಮೊದಲ ಕಂತಿನ ಸರಕು ನೌಕೆ ಕಟ್ಟಿಸುತ್ತೇನೆ, ನೆಲೆ ನಿಂತ ಮೇಲೆ ತವರಿನಿಂದ ಇನ್ನಿಬ್ಬರನ್ನು ಬಂಡೆಗೆ ಕಳುಹಿಸುತ್ತೇನೆ. ರಿಚ್ ಗ್ರಹದಲ್ಲಿ ಮೂವರಾದರೆ 15 ಘಟಕ. ತವರು ಪೂರ್ತಿ ಬೆವರು ಸುರಿಸಿದರೂ ಎಂಟನ್ನು ದಾಟುತ್ತಿರಲಿಲ್ಲ.

ಎರಡು ಎಚ್ಚರಿಕೆಗಳಿವೆ. ಖನಿಜ ದಟ್ಟವಾಗಿರುವ ಗ್ರಹಗಳಲ್ಲಿ ಗುರುತ್ವ ಹೆಚ್ಚಿರುವುದುಂಟು. ಸಾಮಾನ್ಯ ಗುರುತ್ವದ ಜನ ಅಂಥಲ್ಲಿ ಅರ್ಧದಷ್ಟೇ ದುಡಿಯುತ್ತಾರೆ. ಹಾಗಾದರೆ ಅಲ್ಟ್ರಾ ರಿಚ್‌ನ 8 ಇಳಿದು 4 ಆಗುತ್ತದೆ. ತವರಿನ 2ಕ್ಕೆ ಹೋಲಿಸಿದರೆ ಇನ್ನೂ ಇಮ್ಮಡಿ, ತೆಗೆದುಕೊಳ್ಳಬಹುದು. ಆದರೆ ರಿಚ್‌ನ 5 ಇಳಿದು ಎರಡೂವರೆ ಆಗುತ್ತದೆ. ಅದಕ್ಕಾಗಿ 500 ಘಟಕದ ನೌಕೆ ಸುಡುವುದು ಬೇಡ. ಇನ್ನೊಂದು, ಗ್ರಹ ಚಿಕ್ಕದಾದಷ್ಟೂ ಹೊಗೆ ತಾಳುವ ಶಕ್ತಿ ಕಡಿಮೆ. ತೀರಾ ಪುಟ್ಟ ಗ್ರಹದಲ್ಲಿ ಅಲ್ಟ್ರಾ ರಿಚ್ ಎಂದು ಹಿಗ್ಗಿ ನಾಲ್ವರನ್ನು ತುಂಬಿದರೆ ಗಳಿಸಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ತೊಳೆಯಲು ಹೋಗುತ್ತದೆ.

ಬೇಹು ನೌಕೆ ಕಣ್ಣಾರೆ ನೋಡದ ನಕ್ಷತ್ರಕ್ಕೆ ವಸಾಹತು ನೌಕೆಯನ್ನು ಕಳುಹಿಸಲೇಬಾರದು. ಒಳ್ಳೆಯ ಗ್ರಹಗಳ ಮೇಲೆ ಹಲವು ಬಾರಿ ಬಾಹ್ಯಾಕಾಶದ ಮೃಗಗಳು ಕಾವಲಿರುತ್ತವೆ. ಹೊಸದಾಗಿ ಆಡುತ್ತಿದ್ದ ದಿನಗಳಲ್ಲಿ ನೀಲಿ ನಕ್ಷತ್ರ ಕಂಡರೆ ಸಾಕು, ಖನಿಜ ಸಮೃದ್ಧ ಎಂದು ಓದಿದ್ದನ್ನು ನಂಬಿ ನೌಕೆ ಅಟ್ಟಿಬಿಡುತ್ತಿದ್ದೆ. ಒಂದು ಸಲ ಅಲ್ಲಿ ಕಾದಿದ್ದದ್ದು ಈಲ್ ಎಂಬ ಅಂಥದೊಂದು ಮೃಗ. ಐದನೆಯ ಸರದಿಯಲ್ಲಿ ಆಟ ಮುಗಿಸಿ ಮೊದಲಿನಿಂದ ಶುರು ಮಾಡಿದೆ.

ನೆರೆಯಲ್ಲಿ ಅಂಥ ಬಂಡೆಯೇ ಇಲ್ಲದಿದ್ದರೆ? ಆಗ ಹಸಿರು ಗ್ರಹಕ್ಕೇ ಹೋಗಬೇಕು, ಆದರೆ ಅಲ್ಲಿ ಚಿನ್ನ ಅಥವಾ ರತ್ನದ ನಿಕ್ಷೇಪ ಇದೆಯೇ ಎಂದು ನೋಡಿಕೊಳ್ಳಿ. ಚಿನ್ನ ಸರದಿಗೆ 5, ರತ್ನ 10 ಹಣ ತರುತ್ತದೆ. ಎಂಟು ಜನರ ಇಡೀ ತವರಿನ ತೆರಿಗೆಯೇ ಸರದಿಗೆ ಎಂಟರ ಆಸುಪಾಸು ಎಂಬುದನ್ನು ನೆನೆದರೆ ರತ್ನದ ಗ್ರಹದ ಬೆಲೆ ತಿಳಿಯುತ್ತದೆ.

ತವರಿನ ಸೌರಮಂಡಲದಲ್ಲೇ ಇರುವ ಇನ್ನೊಂದು ಗ್ರಹಕ್ಕೆ ‘ಕಾಲೊನಿ ಬೇಸ್’ ಸಾಕು, ಬೆಲೆ 200. ಹೊರಠಾಣೆಯ ನೌಕೆಗೆ 100. ಹೊರಠಾಣೆ ಅಗ್ಗ ಎಂದು ಮರುಳಾಗಬೇಡಿ. ಅದು ಏನನ್ನೂ ಉತ್ಪಾದಿಸುವುದಿಲ್ಲ; ಇಂಧನದ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ ಅಷ್ಟೆ. ಒಳ್ಳೆಯ ಬಂಡೆ ವ್ಯಾಪ್ತಿಯಿಂದ ಒಂದೇ ಹೆಜ್ಜೆ ಹೊರಗಿದ್ದಾಗ ಮಾತ್ರ ಅದಕ್ಕೆ ಕೈ ಹಾಕಿ.

ಕಾರ್ಖಾನೆಯೋ ಪ್ರಯೋಗಾಲಯವೋ?

ಈ ಆಟದ ವಿಶೇಷ ಕ್ರೌರ್ಯವೆಂದರೆ ಸಂಶೋಧನೆಯ ಒಂದೊಂದು ಕ್ಷೇತ್ರದಲ್ಲೂ ಎರಡು ಮೂರು ಆವಿಷ್ಕಾರಗಳಿದ್ದು, ಒಂದನ್ನು ಆರಿಸಿಕೊಂಡರೆ ಉಳಿದವು ಕೈತಪ್ಪುತ್ತವೆ. ‘ಕ್ರಿಯೇಟಿವ್’ ಗುಣಕ್ಕೆ 8 ಅಂಕ ತೆತ್ತವರಿಗೆ ಮಾತ್ರ ಎಲ್ಲವೂ ಸಿಗುತ್ತವೆ. ಉಳಿದವರು ಬೇರೆ ಜನಾಂಗದಿಂದ ಬದಲಿಗೆ ಪಡೆಯಬೇಕು ಅಥವಾ ಕದಿಯಬೇಕು.

ಬಡ ತವರಿನವರು ಮೊದಲು ನೋಡಬೇಕಾದ ಎರಡು ಕ್ಷೇತ್ರಗಳು ‘ಅಡ್ವಾನ್ಸ್ಡ್ ಕನ್‌ಸ್ಟ್ರಕ್ಷನ್’ ಮತ್ತು ‘ಆಪ್ಟ್ರಾನಿಕ್ಸ್’. ಎರಡರ ಬೆಲೆಯೂ 150 ಸಂಶೋಧನಾಂಕ. ಮೊದಲನೆಯದರಲ್ಲಿ ಆಟೊಮೇಟೆಡ್ ಫ್ಯಾಕ್ಟರಿ ಇದೆ: ಪ್ರತಿ ಕೆಲಸಗಾರನಿಗೆ 1 ಹೆಚ್ಚು, ಅದಲ್ಲದೆ ಯಾರೂ ದುಡಿಯದಿದ್ದರೂ ಸರದಿಗೆ 5. ಎರಡನೆಯದರಲ್ಲಿ ರಿಸರ್ಚ್ ಲ್ಯಾಬೊರೇಟರಿ: ಪ್ರತಿ ವಿಜ್ಞಾನಿಗೆ 1, ಮೇಲೆ 5. ಕಟ್ಟಲು ಎರಡಕ್ಕೂ 60 ಘಟಕ. ಹೊರನೋಟಕ್ಕೆ ಅವಳಿಜವಳಿ.

ಈ ಕಾರ್ಖಾನೆಯನ್ನು ನಾನು ಬಡವರ ಆಸ್ತಿ ಎನ್ನುತ್ತೇನೆ. ಸಾಧಾರಣ ಗ್ರಹದಲ್ಲಿ ನಾಲ್ವರ 12 ಏರಿ 21 ಆಗುತ್ತದೆ. ಬಡ ಗ್ರಹದಲ್ಲಿ 8 ಏರಿ 17. ಸೇರಿದ್ದು ಎರಡು ಕಡೆಯೂ 9, ಆದರೆ ಅಲ್ಲಿ ಅದು ಮುಕ್ಕಾಲು ಪಾಲು ಏರಿಕೆ, ಇಲ್ಲಿ ಇಮ್ಮಡಿಗಿಂತ ಹೆಚ್ಚು. ನೆಲದ ದರ್ಜೆಯನ್ನು ಕೇಳದೆ ಒಂದೇ ಮೊತ್ತ ಕೊಡುವ ಕಟ್ಟಡಗಳೆಲ್ಲ ಬಡವರ ಪಕ್ಷ. ಮುಂದೆ 650 ಸಂಶೋಧನಾಂಕಗಳ ‘ರೊಬೊಟಿಕ್ಸ್’ನಲ್ಲಿ ಬರುವ ರೊಬೊ ಮೈನರ್ ಕೂಡ ಅದೇ ಜಾತಿಯದು: ಕೆಲಸಗಾರನಿಗೆ 2, ಮೇಲೆ 10. ಅದು ಬರುವ ಹೊತ್ತಿಗೆ ತವರು ಬಡವೆಂಬುದೇ ಮರೆತುಹೋಗಿರುತ್ತದೆ.

ಪ್ರಯೋಗಾಲಯದ ಪಕ್ಷದಲ್ಲಿ ವಾದಿಸುವವರಿಗೂ ಬಲವಾದ ಕಾರಣವಿದೆ: ಖನಿಜ ಇಲ್ಲದವರಿಗೆ ಸಂಶೋಧನೆಯೇ ಸಹಜ ಕಸುಬು, ಅದನ್ನೇ ಮೊದಲು ಬೆಳೆಸಿದರೆ ಉಳಿದದ್ದು ಬೇಗ ಬರುತ್ತದೆ. ಇದನ್ನು ಒಪ್ಪುತ್ತೇನೆ, ಆದರೆ ಕ್ರಮ ತಪ್ಪಿಸುವುದನ್ನು ಒಪ್ಪುವುದಿಲ್ಲ. ಪ್ರಯೋಗಾಲಯವನ್ನು ಕಟ್ಟಲು ಬೇಕಾಗುವುದೂ ಉತ್ಪಾದನೆಯೇ. ಅದೇ 60 ಘಟಕ ಕಾರ್ಖಾನೆ ಇಲ್ಲದ ತವರಿನಲ್ಲಿ ಒಂಬತ್ತು ಸರದಿ ತೆಗೆದುಕೊಳ್ಳುತ್ತದೆ, ಕಾರ್ಖಾನೆ ಬಂದ ಮೇಲೆ ಐದಾರು. ಆದ್ದರಿಂದ ಮೊದಲು ಕಾರ್ಖಾನೆ, ಅದರ ಬೆನ್ನಿಗೇ ಪ್ರಯೋಗಾಲಯ.

ಆ ಮೊದಲ 150 ಅಂಕಗಳನ್ನು ಗಳಿಸುವುದು ಹೇಗೆ ಎಂಬಲ್ಲೂ ಆಯ್ಕೆ ಇದೆ. ನಾಲ್ವರನ್ನೂ ವಿಜ್ಞಾನಿಗಳಾಗಿಸಿದರೆ ಸರದಿಗೆ 12, ಸುಮಾರು ಹದಿಮೂರು ಸರದಿ. ಅಷ್ಟು ಹೊತ್ತು ತವರಿನಲ್ಲಿ ಏನೂ ಕಟ್ಟಲಾಗುವುದಿಲ್ಲ. ಬಂಡೆಗೆ ವಸಾಹತು ಕಳುಹಿಸಿದ್ದರೆ ಇದು ಆಗದ ಮಾತು, ಸರಕು ನೌಕೆ ಬೇಕೇಬೇಕು. ಆಗ ಮೊದಲು ಮೂವರು ಗಣಿಯಲ್ಲಿ, ಒಬ್ಬ ಪ್ರಯೋಗಾಲಯದಲ್ಲಿ. 50 ಘಟಕ ಮುಗಿದ ಮರುಸರದಿಯೇ ನಾಲ್ವರೂ ಸಂಶೋಧನೆಗೆ. ಹಸಿರು ಗ್ರಹಕ್ಕೆ ಹೋದವರು ಮೊದಲ ದಿನದಿಂದಲೇ ನಾಲ್ವರನ್ನೂ ಪುಸ್ತಕದ ಮುಂದೆ ಕೂರಿಸಬಹುದು. ಕಟ್ಟಲು ಯೋಗ್ಯವಾದದ್ದು ಏನೂ ಇಲ್ಲದ ಸಮಯದಲ್ಲಿ ಗಣಿ ಅಗೆಯುವುದರಲ್ಲಿ ಅರ್ಥವಿಲ್ಲ.

80 ಸಂಶೋಧನಾಂಕಗಳ ‘ಆಸ್ಟ್ರೊ ಬಯಾಲಜಿ’ಯಲ್ಲಿ ಬಯೊಸ್ಫಿಯರ್ ಮತ್ತು ಹೈಡ್ರೊಪೋನಿಕ್ ಫಾರ್ಮ್ ಎದುರುಬದುರು ನಿಲ್ಲುತ್ತವೆ. ಮೊದಲನೆಯದು ಗ್ರಹದಲ್ಲಿ ಇನ್ನಿಬ್ಬರಿಗೆ ಜಾಗ ಮಾಡುತ್ತದೆ, ಎರಡನೆಯದು ಎರಡು ಊಟ ಕೊಡುತ್ತದೆ. ಅನುಭವಿಗಳು ಹೆಚ್ಚಾಗಿ ಜಾಗವನ್ನೇ ಆರಿಸುತ್ತಾರೆ. ಬಂಡೆಯ ಮೇಲೆ ಬದುಕು ಕಟ್ಟಿರುವ ನಮಗೆ ಊಟ ಮೇಲು, ಎರಡು ಸರಕು ನೌಕೆಗಳ ಹೊರೆ ಇಳಿಯುತ್ತದೆ.

ಕೊಂಡು ತರುವ ದಾರಿ

ಆಟದ ನಾಣ್ಯದ ಹೆಸರು ‘ಬಿಸಿ’. ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲದ ವಸ್ತುವಿಗೆ ಕನ್ನಡ ಕಿವಿಗಂತೂ ತಕ್ಕ ಹೆಸರು. ಕಟ್ಟುತ್ತಿರುವ ಯಾವುದನ್ನೂ ಹಣ ಕೊಟ್ಟು ಒಂದೇ ಸರದಿಯಲ್ಲಿ ಮುಗಿಸಬಹುದು. ಆದರೆ ಏನೂ ಆಗಿಲ್ಲದ ಕೆಲಸವನ್ನು ಕೊಳ್ಳಲು ಘಟಕಕ್ಕೆ 4 ಬಿಸಿ, ಅರ್ಧ ಆದ ಮೇಲೆ 2. ಅಂದರೆ 60 ಘಟಕದ ಕಾರ್ಖಾನೆಯನ್ನು ಬುನಾದಿಯಿಂದ ಕೊಂಡರೆ 240, ಅರ್ಧ ಕಟ್ಟಿಸಿ ಕೊಂಡರೆ ಬರೀ 60. ನಾಲ್ಕು ಪಟ್ಟು ವ್ಯತ್ಯಾಸ! ತಾಳಿದವನು ಬಾಳಿಯಾನು ಎಂಬುದಕ್ಕೆ ಇಷ್ಟು ನೇರವಾದ ಲೆಕ್ಕ ಬೇರೆಲ್ಲೂ ಕಂಡಿಲ್ಲ.

ಹಣವನ್ನು ಎಲ್ಲಿ ಸುರಿಯಬೇಕು? ತವರಿನಲ್ಲಿ ಬೇಡ. ಬಂಡೆಯಲ್ಲಿ ಕಾರ್ಖಾನೆ ಅರ್ಧ ಆದ ಕ್ಷಣ ಕೊಳ್ಳಿ. ಅಲ್ಲಿಯ ಜನ ಕಡಿಮೆ, ಆದ್ದರಿಂದ ದುಡಿಯುವವರಿಲ್ಲದೆಯೂ ಬರುವ ಆ 5 ಘಟಕಕ್ಕೆ ಅಲ್ಲಿ ಬೆಲೆ ಹೆಚ್ಚು. ಉತ್ಪಾದನೆಯನ್ನು ‘ಟ್ರೇಡ್ ಗೂಡ್ಸ್’ ಆಗಿ ಮಾರಿ ಹಣ ಮಾಡುವ ದಾರಿಯನ್ನು ಬಡ ತವರಿನವರು ಮರೆತುಬಿಡಲಿ. ಎರಡು ಘಟಕಕ್ಕೆ ಒಂದು ಬಿಸಿ ಸಿಗುತ್ತದೆ. ಮರಳಿ ಕೊಳ್ಳುವಾಗ ಒಂದು ಘಟಕಕ್ಕೆ ಎರಡೋ ನಾಲ್ಕೋ ಕೊಡಬೇಕು. ‘ಫೆಂಟಾಸ್ಟಿಕ್ ಟ್ರೇಡರ್’ ಗುಣವಿರುವ ನೊಲಮ್‌ರಂಥ ಜನಾಂಗಕ್ಕೆ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ.

ಹಣದ ದಾರಿ ನೆರೆಹೊರೆಯನ್ನು ಅವಲಂಬಿಸಿದೆ. ವ್ಯಾಪಾರ ಒಪ್ಪಂದ, ಸಂಶೋಧನಾ ಒಪ್ಪಂದಗಳಿಗೆ ಒಂದೇ ಒಂದು ಘಟಕ ಉತ್ಪಾದನೆಯೂ ಬೇಡ. ಅವು ಫಲ ಕೊಡಲು ತಡ ಮಾಡುತ್ತವೆ, ಆದ್ದರಿಂದ ಪರಿಚಯವಾದ ದಿನವೇ ಕೇಳಿ. ‘ರಿಪಲ್ಸಿವ್’, ಅಂದರೆ ಪರರಿಗೆ ಅಸಹ್ಯವೆನಿಸುವ ಗುಣ ತೆಗೆದುಕೊಂಡು 6 ಅಂಕ ಗಳಿಸಿದವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಬಡ ತವರಿನ ಮೇಲೆ ಅದೂ ಸೇರಿದರೆ ಬರಗಾಲದಲ್ಲಿ ಅಧಿಕ ಮಾಸ.

ಕಿತ್ತುಕೊಳ್ಳುವ ದಾರಿ

ನಮ್ಮಲ್ಲಿ ಇಲ್ಲದ್ದು ಪಕ್ಕದವನಲ್ಲಿದೆ, ಬೇಗ ನುಗ್ಗಿದರೆ ಆಯಿತು ಎಂಬುದು ಹಲವರ ಮೊದಲ ಆಲೋಚನೆ. ಈ ದಾರಿಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಯುದ್ಧನೌಕೆ ಎಂದರೆ ಅಚ್ಚ ಉತ್ಪಾದನೆ. ಯಾವುದರಲ್ಲಿ ನಾವು ಬಡವರೋ ಅದನ್ನೇ ಪಣಕ್ಕೆ ಇಟ್ಟಂತೆ. ಎದುರಾಳಿಯ ತವರಿನಲ್ಲಿ ಸ್ಟಾರ್ ಬೇಸ್ ಎಂಬ ಬಾಹ್ಯಾಕಾಶದ ಕೋಟೆ ಕಾಯುತ್ತಿರುತ್ತದೆ, ಸೈನಿಕರನ್ನು ಇಳಿಸಲು ಬೇರೆ ಸಾಗಣೆ ನೌಕೆಗಳು ಬೇಕು, ಒಂದೊಂದಕ್ಕೂ 100 ಘಟಕ. ನೌಕೆಗಳು ಆಜ್ಞಾ ಮಿತಿಯನ್ನು, ಅಂದರೆ ಸಾಮ್ರಾಜ್ಯ ನಡೆಸಬಲ್ಲ ಪಡೆಯ ಮಿತಿಯನ್ನು ದಾಟಿದರೆ ಹೆಚ್ಚಾದ ಪ್ರತಿ ಆಜ್ಞಾಂಕಕ್ಕೂ ಸರದಿಗೆ 10 ಬಿಸಿ ದಂಡ.

ಒಂದು ವಿನಾಯಿತಿ ಟೆಲಿಪಥಿಕ್, ಅಂದರೆ ಪರರ ಮನಸ್ಸನ್ನು ವಶಪಡಿಸಿಕೊಳ್ಳಬಲ್ಲ ಜನಾಂಗ. ಕ್ರೂಸರ್ ಅಥವಾ ಅದಕ್ಕಿಂತ ದೊಡ್ಡ ನೌಕೆಯೊಂದು ಕಾವಲು ಮುರಿದು ಗ್ರಹದ ಮೇಲೆ ನಿಂತರೆ ಸಾಕು, ಸೈನಿಕರಿಲ್ಲದೆ ವಸಾಹತು ಕೈವಶವಾಗುತ್ತದೆ. 6 ಅಂಕದ ಆ ಗುಣ ಇದ್ದು, ಎದುರಾಳಿ ನಾಲ್ಕೈದು ಸರದಿಗಳ ದೂರದಲ್ಲಿದ್ದರೆ ಐವತ್ತನೆಯ ಸರದಿಯ ಆಸುಪಾಸಿನಲ್ಲಿ ಯೋಚಿಸಬಹುದು. ಊಳಿಗಮಾನ್ಯ ಆಡಳಿತದಲ್ಲಿ ನೌಕೆಗಳು ಮೂರನೆಯ ಒಂದು ಪಾಲು ಅಗ್ಗ ಎಂಬ ಆಸೆ ತೋರಿಸುವವರಿದ್ದಾರೆ. ಅದೇ ಆಡಳಿತ ಸಂಶೋಧನೆಯನ್ನು ಅರ್ಧಕ್ಕೆ ಇಳಿಸುತ್ತದೆ. ಬಡ ಗ್ರಹದಲ್ಲಿ ಉಳಿದಿದ್ದ ಒಂದೇ ಸಿರಿಯನ್ನೂ ಕೈಯಾರೆ ಕಳೆದುಕೊಂಡಂತೆ.

ಹಾಗಾದರೆ ಆ ಒಂದು ಅಂಕ ಬೇಕೇ?

ಜನಾಂಗ ಕಟ್ಟಲು ಸಿಗುವುದು 10 ಅಂಕ. ದೌರ್ಬಲ್ಯಗಳಿಂದ ಇನ್ನೂ 10ರವರೆಗೆ ಗಳಿಸಬಹುದು. ಬಡ ತವರಿಗೆ ಸಿಗುವ 1 ಅಂಕವನ್ನು ಏನಕ್ಕೆ ಖರ್ಚು ಮಾಡುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಕೆಲವರು ಬಡ ತವರನ್ನು ಒಪ್ಪಿಕೊಂಡು, 3 ಅಂಕ ಕೊಟ್ಟು ಪ್ರತಿ ಕೆಲಸಗಾರನಿಗೂ 1 ಘಟಕ ಹೆಚ್ಚಿಸುವ ಗುಣ ತೆಗೆದುಕೊಳ್ಳುತ್ತಾರೆ. ನಿವ್ವಳ ಖರ್ಚು 2 ಅಂಕ, ತವರಿನಲ್ಲಿ ತಲೆಗೆ 3 ಘಟಕ. ಅದೇ 2 ಅಂಕಕ್ಕೆ ‘ರಿಚ್ ಹೋಮ್ ವರ್ಲ್ಡ್’ ಸಿಗುತ್ತದೆ, ತಲೆಗೆ 5. ಮೊದಲನೆಯ ಗುಣ ಮುಂದೆ ಎಲ್ಲ ಗ್ರಹಗಳಲ್ಲೂ ಕೆಲಸ ಮಾಡುತ್ತದೆ, ಎರಡನೆಯದು ತವರಿಗಷ್ಟೇ ಸೀಮಿತ. ದೊಡ್ಡ ನಕ್ಷೆಯಲ್ಲಿ, ದೀರ್ಘ ಆಟದಲ್ಲಿ ಮೊದಲನೆಯದು ಗೆಲ್ಲಬಹುದು. ಆದರೆ ಅಲ್ಲಿಯವರೆಗೆ ಬದುಕಿರಬೇಕಲ್ಲ! ನಾನಾದರೆ ರಿಚ್ ತವರನ್ನೇ ಆರಿಸುತ್ತೇನೆ.

ಆಡಳಿತದ ಆಯ್ಕೆಯಲ್ಲಿ ತಕ್ಕಡಿ ಅಷ್ಟು ನೇರವಾಗಿ ವಾಲುವುದಿಲ್ಲ. ‘ಯುನಿಫಿಕೇಶನ್’ಗೆ 6 ಅಂಕ, ಊಟ, ಉತ್ಪಾದನೆ ಎರಡೂ ಒಂದೂವರೆ ಪಟ್ಟು. ‘ಡೆಮಾಕ್ರಸಿ’ಗೆ 7, ಸಂಶೋಧನೆ, ಹಣ ಒಂದೂವರೆ ಪಟ್ಟು. ಬಡ ತವರಿನ ಉತ್ಪಾದನೆಗೆ ಶೇಕಡಾ 50 ಸೇರಿಸುವುದೆಂದರೆ ಚಿಕ್ಕ ಮೊತ್ತಕ್ಕೆ ಬಡ್ಡಿ ಹಾಕಿದಂತೆ. ಸಂಶೋಧನೆಗೆ ಸೇರಿಸಿದರೆ ಪೂರ್ತಿ ಫಲ. ಈ ತರ್ಕದಲ್ಲಿ ಡೆಮಾಕ್ರಸಿ ಮೇಲು. ಆದರೆ ಯುನಿಫಿಕೇಶನ್‌ನಲ್ಲಿ ಮೂವರು ರೈತರೇ ಎಂಟು ಜನರನ್ನು ಸಾಕಿ ಒಂದು ಊಟ ಮಿಗಿಸುತ್ತಾರೆ. ಬಿಡುಗಡೆಯಾದ ಐದನೆಯವನನ್ನು ಎಲ್ಲಿ ಬೇಕಾದರೂ ಹಾಕಬಹುದು. ನೆರೆಯವರು ಶಾಂತಿಪ್ರಿಯರಾದರೆ ಡೆಮಾಕ್ರಸಿ, ಹಾರ್ಡ್ ಅಥವಾ ಇಂಪಾಸಿಬಲ್ ಎಂಬ ಕಷ್ಟದ ಮಟ್ಟಗಳಲ್ಲಿ ಯುನಿಫಿಕೇಶನ್ ಎಂದು ನಾನು ಆಡುತ್ತೇನೆ. ಎರಡನೆಯದರಲ್ಲೇ ಹೆಚ್ಚು ಬಾರಿ ಉಳಿದುಕೊಂಡಿದ್ದೇನೆ.

ಬಡ ತವರಿನ ಗುರುತನ್ನು ನಾನು ಬೇಕೆಂದೇ ಹಾಕುವ ಸಂದರ್ಭ ಒಂದೇ. ‘ಲಿಥೊವೋರ್’, ಅಂದರೆ ಕಲ್ಲು ತಿಂದು ಬದುಕುವ ಜನಾಂಗ. ಅದರ ಬೆಲೆ ಪೂರ್ತಿ 10 ಅಂಕ. ರೈತರು ಬೇಡ, ಸರಕು ನೌಕೆಯಲ್ಲಿ ಊಟ ಹೊರುವುದು ಬೇಡ, ಬರಡು ಬಂಡೆಯೂ ಹಸಿರು ಗ್ರಹವೂ ಹೊಟ್ಟೆಯ ಮಟ್ಟಿಗೆ ಒಂದೇ. ಎಂಟೂ ಜನ ಗಣಿಗೆ ಇಳಿದರೆ ಬಡ ನೆಲದಲ್ಲೇ 16 ಘಟಕ. ಅನ್ನ ತಿನ್ನುವವರು ಸಾಧಾರಣ ನೆಲದಲ್ಲಿ ತೆಗೆಯುವ 12ಕ್ಕಿಂತ ಹೆಚ್ಚು. ಬಡತನಕ್ಕೆ ಪ್ರತಿಯಾಗಿ ಸಿಕ್ಕ ಆ ಒಂದು ಅಂಕಕ್ಕೆ ‘ಲಾರ್ಜ್ ಹೋಮ್ ವರ್ಲ್ಡ್’ ಬರುತ್ತದೆ, ಅದರ ಬೆಲೆಯೂ ಸರಿಯಾಗಿ ಒಂದು. ದೊಡ್ಡ ಗ್ರಹ 8 ಘಟಕಗಳವರೆಗಿನ ಹೊಗೆ ತಾಳುತ್ತದೆ. ಹಾಗಾಗಿ ನಾಲ್ವರು ಗಣಿಯಲ್ಲಿ ಹೊಗೆಯಿಲ್ಲದೆ ದುಡಿಯುತ್ತಾರೆ, ನಾಲ್ವರು ಮೊದಲ ಸರದಿಯಿಂದಲೇ ಪ್ರಯೋಗಾಲಯದಲ್ಲಿ 12 ಸಂಶೋಧನಾಂಕ ಗಳಿಸುತ್ತಾರೆ. ಕಾರ್ಖಾನೆಯ ವಿದ್ಯೆ ಹದಿಮೂರನೆಯ ಸರದಿಯ ಹೊತ್ತಿಗೆ ಕೈಯಲ್ಲಿರುತ್ತದೆ, ಅಷ್ಟರಲ್ಲಿ ತವರು ನೂರಕ್ಕೂ ಹೆಚ್ಚು ಘಟಕದ ಕೆಲಸ ಮುಗಿಸಿರುತ್ತದೆ. ವಸಾಹತು ನೌಕೆಯನ್ನು ಮಾತ್ರ ಈ ಸಲವೂ ಬೇಹು ನೌಕೆ ಹೋಗಿ ಬಂದ ಮೇಲೆಯೇ ಹೊರಡಿಸುತ್ತೇನೆ.